ಗುಮ್ಮನಲ್ಲ, ಪ್ರಭು!

“ಊಟ ಮಾಡದಿದ್ದರೆ ಗುಮ್ಮ ಬರುತ್ತಾನೆ” ಎಂದು ಮಕ್ಕಳನ್ನು ಹೆದರಿಸುವುದುಂಟು. ಗುಮ್ಮ ಇಲ್ಲವೆಂದು ನಮಗೆ ಗೊತ್ತು. ಆದರೆ ಮಗುವಿನ ಭಯ ಮಾತ್ರ ನಿಜ. ಇಲ್ಲದ್ದಕ್ಕೆ ರೂಪ ಕೊಡುವ ಇಂಥದೇ ಒಂದು ಪದ ಶುಭಸಂದೇಶದಲ್ಲಿದೆ.

ರಾತ್ರಿಯ ನಾಲ್ಕನೆಯ ಜಾವ. ಗಲಿಲೇಯ ಸರೋವರದಲ್ಲಿ ಎದುರುಗಾಳಿ. ನೀರಿನ ಮೇಲೆ ನಡೆದು ಬರುತ್ತಿದ್ದ ಯೇಸುಸ್ವಾಮಿಯನ್ನು ಕಂಡು ದೋಣಿಯಲ್ಲಿದ್ದ ಶಿಷ್ಯರು ಭೂತವೆಂದು ಚೀರಿದರು (ಮತ್ತಾಯ 14:26, ಮಾರ್ಕ 6:49). ಇಲ್ಲಿ ಗ್ರೀಕ್ ಮೂಲದ ಪದ ‘ಫಾಂಟಾಸ್ಮ’. ಹೊಸ ಒಡಂಬಡಿಕೆಯಲ್ಲಿ ಇದು ಬರುವುದು ಈ ಎರಡೇ ಕಡೆ. ‘ಕಾಣಿಸಿಕೊಳ್ಳು’ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಪದವಿದು. ಕಣ್ಣಿಗೆ ತೋರುತ್ತದೆ, ಆದರೆ ಹಿಡಿಯಹೋದರೆ ಏನೂ ಇಲ್ಲ. ಇಂಗ್ಲಿಷಿನ ‘ಫ್ಯಾಂಟಮ್’, ‘ಫ್ಯಾಂಟಸಿ’ ಪದಗಳೂ ಇದೇ ಮೂಲದವು.

ಗಮನಿಸಿ: ಶಿಷ್ಯರ ಕಣ್ಣು ಸುಳ್ಳು ಹೇಳಲಿಲ್ಲ. ಬಂದವರು ನಿಜವಾಗಿಯೂ ಪ್ರಭುವೇ. ಸುಳ್ಳಾದದ್ದು ಭಯವು ಅವರಿಗೆ ಇಟ್ಟ ಹೆಸರು. ಪ್ರಭು ಮೊದಲು ಗದರಿಸಲಿಲ್ಲ. ತಾವು ಯಾರೆಂದು ತಿಳಿಸಿ ಧೈರ್ಯ ಹೇಳಿದರು.

ಪುನರುತ್ಥಾನದ ನಂತರವೂ ಶಿಷ್ಯರು ಹೀಗೆಯೇ ಬೆಚ್ಚಿದಾಗ, ಪ್ರಭು ಕೈಕಾಲುಗಳನ್ನು ತೋರಿಸಿ, ಸುಟ್ಟ ಮೀನನ್ನು ಅವರ ಮುಂದೆಯೇ ತಿಂದರು (ಲೂಕ 24:37-43). ಆದರೂ ಕ್ರಿಸ್ತರ ದೇಹ ಬರೀ ತೋರಿಕೆ ಎನ್ನುವವರು ಮುಂದೆ ಹುಟ್ಟಿಕೊಂಡರು. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಧರ್ಮಾಧ್ಯಕ್ಷ ಸಂತ ಇಗ್ನೇಷಿಯಸರು ರೋಮಿಗೆ ಬಂದಿಯಾಗಿ ಸಾಗುತ್ತಲೇ ಇದನ್ನು ಪತ್ರಗಳಲ್ಲಿ ಖಂಡಿಸಿದರು. ಪ್ರಭುವಿನ ಯಾತನೆ ತೋರಿಕೆಯಾದರೆ ನನ್ನ ಸಂಕೋಲೆಗೆ ಅರ್ಥವೇನು ಎಂಬುದು ಅವರ ಪ್ರಶ್ನೆ. ಅಂಥವರು ಪರಮಪ್ರಸಾದದಿಂದಲೂ ದೂರ ಉಳಿಯುತ್ತಾರೆಂದು ಅವರು ಎಚ್ಚರಿಸಿದರು.

ನಮ್ಮ ಮನೆಗಳಲ್ಲೂ ಎದುರುಗಾಳಿ ಬೀಸುತ್ತದೆ. ಸಾಲ ನಿಜ, ಕಾಯಿಲೆ ನಿಜ, ಕೆಲಸವಿಲ್ಲದ ಮಗನ ಮೌನವೂ ನಿಜ. ಇವುಗಳನ್ನು ಭ್ರಮೆ ಎಂದು ತಳ್ಳಿಹಾಕುವುದು ವಿಶ್ವಾಸವಲ್ಲ. ಆದರೆ ನಿದ್ದೆ ಬಾರದ ಇರುಳಿನಲ್ಲಿ “ದೇವರು ನಮ್ಮನ್ನು ಕೈಬಿಟ್ಟರು” ಎಂದು ತೋರುತ್ತದಲ್ಲ, ಅದೇ ಫಾಂಟಾಸ್ಮ. ಅದೇ ಇರುಳಿನಲ್ಲಿ ಪ್ರಭು ನಮ್ಮ ಕಡೆಗೆ ನಡೆದು ಬರುತ್ತಿರುತ್ತಾರೆ.

ಇಂದು ರಾತ್ರಿ ಮಗು ಕತ್ತಲೆಗೆ ಹೆದರಿದರೆ ನಗಬೇಡಿ, ಗುಮ್ಮನನ್ನು ಕರೆಯಲೂ ಬೇಡಿ. ಹತ್ತಿರ ಹೋಗಿ ಕೈಹಿಡಿದು, “ನಾನಿದ್ದೇನೆ ಕಂದಾ” ಎನ್ನಿ. ಪ್ರಭು ಶಿಷ್ಯರಿಗೆ ಮಾಡಿದ್ದೂ ಅದನ್ನೇ.

ಕುಟುಂಬ ಚಿಂತನೆಗೆ: ನಮ್ಮ ಮನೆಯ ಯಾವ ಭಯ ನಿಜವಾದ ಗಾಳಿ? ಯಾವುದು ಬರೀ ಗುಮ್ಮ?