ನೀರು ಕೊಟ್ಟವನ ವಿಚಾರಣೆ

ಆಪತ್ತು ಎಂಬ ಶಬ್ದದ ಮೂಲದಲ್ಲಿ 'ಬಂದು ಬೀಳುವುದು' ಎಂಬ ಅರ್ಥವಿದೆ. ಹೇಳಿ ಕಳುಹಿಸಿ ಬರುವುದು ಆಪತ್ತಲ್ಲ. ಅದು ಬಂದೆರಗಿದ ಹೊತ್ತಿನಲ್ಲಿ ಬಂಧುವರ್ಗವು ಸಾಮಾನ್ಯವಾಗಿ ದೂರದಲ್ಲಿರುತ್ತದೆ. ಸಮೀಪದಲ್ಲಿರುವವನು ಯಾರೋ ಒಬ್ಬ ದಾರಿಹೋಕ. ಆದುದರಿಂದಲೇ ಕನ್ನಡ ಜನ 'ಆಪತ್ತಿಗಾದವನೇ ನೆಂಟ' ಎಂದರು. ನೆಂಟನಾದುದರಿಂದ ಬಂದನೆಂದಲ್ಲ, ಬಂದುದರಿಂದ ನೆಂಟನಾದನೆಂದು ಈ ಗಾದೆಯನ್ನು ಅನ್ವಯಿಸಿಕೊಳ್ಳಬೇಕು. ಆದರೆ ಇದು ಬಿದ್ದವನ ಕಡೆಯಿಂದ ಆಡಿದ ಮಾತು. ಎತ್ತಿದವನ ಗತಿ ಏನಾಯಿತು, ಅವನ ಕಡೆಯವರು ಅವನನ್ನು ಏನೆಂದರು ಎಂಬುದನ್ನು ಗಾದೆಯು ಹೇಳುವುದಿಲ್ಲ. ಅಪರಿಚಿತನಿಗೆ, ಅದರಲ್ಲಿಯೂ ಹಗೆಯ ಪಕ್ಷದವನಿಗೆ ಕೈನೀಡಿದವನು ತನ್ನವರ ಮುಂದೆಯೇ ನಿಂತು ಉತ್ತರ ಹೇಳಬೇಕಾಗಿ ಬಂದ ಸಂದರ್ಭಗಳು ಚರಿತ್ರೆಯಲ್ಲಿ ವಿರಳವಲ್ಲ. ಸಿಖ್ಖರ ಪರಂಪರೆಯಲ್ಲಿ ಬರುವ ಭಾಯಿ ಕನ್ಹಯ್ಯನ ವೃತ್ತಾಂತವು ಇಂತಹ ವಿಚಾರಣೆಗಳಲ್ಲಿ ಅತ್ಯಂತ ಮನನೀಯವಾದುದು.

ಕನ್ಹಯ್ಯನು 1648ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿರುವ ವಜೀರಾಬಾದಿನ ಸಮೀಪದ ಸೋಧ್ರಾ ಎಂಬ ಊರಿನಲ್ಲಿ ಅನುಕೂಲಸ್ಥರಾದ ವರ್ತಕರ ಮನೆಯಲ್ಲಿ ಜನಿಸಿದನು. ಒಂಬತ್ತನೆಯ ಗುರು ತೇಗ್ ಬಹಾದ್ದೂರರ ಶಿಷ್ಯನಾಗಿ, 1675ರಲ್ಲಿ ಅವರ ಬಲಿದಾನವಾದ ಮೇಲೆ ಗುರು ಗೋವಿಂದ ಸಿಂಹರಲ್ಲಿ ನಿಷ್ಠೆಯಿಟ್ಟು ನಡೆದನು. ಗೋವಿಂದ ಸಿಂಹರ ನೆಲೆಯಾದ ಆನಂದಪುರವು ಶಿವಾಲಿಕ ಬೆಟ್ಟಗಳ ತಪ್ಪಲಿನಲ್ಲಿದೆ. ಅಷ್ಟು ದೂರದ ಊರಾದರೂ ಕನ್ನಡ ನಾಡಿಗೆ ಅದು ತೀರ ಪರಕೀಯವಲ್ಲ. 1699ರಲ್ಲಿ ಅಲ್ಲಿ ಗುರುಗಳು ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ ತಲೆಯೊಪ್ಪಿಸಲು ಎದ್ದು ನಿಂತ ಐವರಲ್ಲಿ ಒಬ್ಬನು, ಮುಂದೆ ಭಾಯಿ ಸಾಹಿಬ್ ಸಿಂಹನೆಂದು ಹೆಸರಾದವನು, ಬೀದರದ ಕ್ಷೌರಿಕರ ಮನೆಯಿಂದ ಹೋದವನೆಂದು ಸಿಖ್ಖರ ಪರಂಪರೆ ಹೇಳುತ್ತದೆ.

ಮುಂದಿನ ಐದಾರು ವರ್ಷಗಳಲ್ಲಿ ಬೆಟ್ಟದ ಸೀಮೆಯ ಅರಸರೂ ಮೊಗಲರ ಸೈನ್ಯವೂ ಆನಂದಪುರದ ಮೇಲೆ ಮತ್ತೆ ಮತ್ತೆ ಏರಿಬಂದವು. 1704–05ರ ಸುಮಾರಿಗೆ ಮುತ್ತಿಗೆಯು ಅತಿ ಬಿರುಸಾಯಿತು. ಆ ಕಾಳಗಗಳ ನಡುವೆ ಕನ್ಹಯ್ಯನು ತೊಗಲಿನ ನೀರಿನ ಚೀಲವನ್ನು ಹೆಗಲಿಗೇರಿಸಿಕೊಂಡು ಗಾಯಗೊಂಡು ಬಿದ್ದವರ ಬಾಯಿಗೆ ನೀರೆರೆಯುತ್ತ ತಿರುಗುತ್ತಿದ್ದನು. ಬಿದ್ದವನು ಸಿಖ್ಖನೋ, ಮೊಗಲರ ಸಿಪಾಯಿಯೋ, ಬೆಟ್ಟದ ರಾಜನ ಬಂಟನೋ ಎಂದು ನೋಡುತ್ತಿರಲಿಲ್ಲ. ಕೆಲವು ಯೋಧರು ಇದನ್ನು ಕಂಡು ಗುರುಗಳಲ್ಲಿಗೆ ದೂರು ಒಯ್ದರು. ತಾವು ಪ್ರಾಣವನ್ನು ಪಣವಾಗಿಟ್ಟು ಕೆಡವಿದ ಶತ್ರುವನ್ನು ಇವನು ನೀರು ಕೊಟ್ಟು ಎಬ್ಬಿಸುತ್ತಿದ್ದಾನೆ, ಎದ್ದವನು ಮರಳಿ ಕತ್ತಿ ಹಿಡಿಯುತ್ತಾನೆ ಎಂಬುದು ಆ ದೂರಿನ ಸಾರಾಂಶ.

ಈ ವೃತ್ತಾಂತವನ್ನು ತರಗತಿಯಲ್ಲಿ ಹೇಳುವವರು ದೂರು ಕೊಟ್ಟವರನ್ನು ಅಲ್ಪಮತಿಗಳೆಂದು ಚಿತ್ರಿಸಿ ಮುಂದೆ ಸಾಗುವುದುಂಟು. ಅದು ನ್ಯಾಯವಲ್ಲ. ಮುತ್ತಿಗೆಗೆ ಒಳಗಾದ ಊರಿನಲ್ಲಿ ನೀರು ಎಂಬುದು ಲೆಕ್ಕವಿಟ್ಟು ಬಳಸಬೇಕಾದ ವಸ್ತು. ಎದುರಿನ ಸೈನ್ಯವೋ ಸಂಖ್ಯೆಯಲ್ಲಿ ದೊಡ್ಡದು. ಒಬ್ಬ ಶತ್ರು ಉಳಿದರೆ ನಾಳೆ ತನ್ನ ತಮ್ಮನೋ ಮಗನೋ ಸಾಯಬಹುದೆಂದು ಅಂಜಿದವನ ಮಾತಿನಲ್ಲಿ ತಥ್ಯವಿಲ್ಲವೆನ್ನಲಾಗದು. ದೂರು ಅಷ್ಟು ಬಲವಾದುದಾಗಿದ್ದುದರಿಂದಲೇ ಅದಕ್ಕೆ ಬಂದ ಉತ್ತರಕ್ಕೂ ಬೆಲೆಯಿದೆ.

ಗುರುಗಳು ಕನ್ಹಯ್ಯನನ್ನು ಕರೆಸಿ ನಿಜವೇ ಎಂದು ಕೇಳಿದರು. ಅವನು ನಿಜವೆಂದು ಒಪ್ಪಿಕೊಂಡನು. ರಣರಂಗದಲ್ಲಿ ತನಗೆ ಮಿತ್ರನೂ ಕಾಣಲಿಲ್ಲ, ಶತ್ರುವೂ ಕಾಣಲಿಲ್ಲ, ನೋಡಿದ ಮುಖದಲ್ಲೆಲ್ಲ ಗುರುವಿನ ಮುಖವೇ ಕಂಡಿತು ಎಂಬ ಅಭಿಪ್ರಾಯದ ಮಾತನ್ನಾಡಿದನು. ಇಲ್ಲಿ ಅವನು ಏನನ್ನು ಹೇಳಲಿಲ್ಲ ಎಂಬುದನ್ನೂ ಗಮನಿಸಬೇಕು. ಹೊಗೆ ಧೂಳಿಯಲ್ಲಿ ಗುರುತು ಹತ್ತಲಿಲ್ಲವೆನ್ನಬಹುದಾಗಿತ್ತು. ಎರಡು ಗುಟುಕು ನೀರಿಗೆ ಇಷ್ಟೇಕೆ ಗದ್ದಲವೆನ್ನಬಹುದಾಗಿತ್ತು. ನರಳುವುದನ್ನು ಕಂಡು ಕರುಳು ಚುರ್ರೆಂದಿತು ಎನ್ನಬಹುದಾಗಿತ್ತು. ಈ ಕೊನೆಯದನ್ನು ಹೇಳಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆದರೆ ಕರುಣೆಯಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ ಎಂಬ ಏರಿಳಿತವು ಸೂಕ್ಷ್ಮವಾಗಿಯಾದರೂ ಉಳಿದುಕೊಳ್ಳುತ್ತದೆ. ಕನ್ಹಯ್ಯನ ಮಾತಿನಲ್ಲಿ ಅದು ತಿರುವುಮುರುವಾಯಿತು. ನೀರು ಕೇಳಿದವನೇ ಗುರು, ಕೊಟ್ಟವನು ಶಿಷ್ಯ.

ಗೋವಿಂದ ಸಿಂಹರು ಸ್ವತಃ ಕತ್ತಿ ಹಿಡಿದು ಯುದ್ಧ ನಡೆಸುತ್ತಿದ್ದವರು; ಯುದ್ಧವನ್ನು ನಿಲ್ಲಿಸಲಿಲ್ಲ. ಆದರೆ ಕನ್ಹಯ್ಯನನ್ನು ಆಲಿಂಗಿಸಿ, ಮುಲಾಮನ್ನೂ ಗಾಯಕ್ಕೆ ಕಟ್ಟುವ ಬಟ್ಟೆಯನ್ನೂ ಕೊಟ್ಟು, ಇನ್ನು ಮೇಲೆ ನೀರಿನೊಡನೆ ಇವನ್ನೂ ಒಯ್ಯುವಂತೆ ಆಜ್ಞಾಪಿಸಿದರೆಂದು ಪರಂಪರೆಯು ಹೇಳುತ್ತದೆ. ವೃತ್ತಾಂತದ ಜೀವಾಳವಿರುವುದು ಇಲ್ಲಿಯೇ. ಕ್ಷಮಿಸಿ ಬಿಟ್ಟಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಹೊಗಳಿ, ಶಾಲು ಹೊದಿಸಿ ಕಳುಹಿಸುವುದು ಇನ್ನೂ ಸುಲಭ. ಅದನ್ನು ಎಲ್ಲ ಸಂಸ್ಥೆಗಳೂ ಮಾಡುತ್ತವೆ. ಗುರುಗಳು ಅವನ ಕೆಲಸದಲ್ಲಿದ್ದ ಕೊರತೆಯನ್ನು ಕಂಡರು. ನೀರು ಬಾಯಾರಿಕೆಯನ್ನು ತಣಿಸೀತು, ಗಾಯವನ್ನು ಮಾಯಿಸದು. ಒಬ್ಬನ ಎದೆಯಲ್ಲಿ ಹುಟ್ಟಿದ ಸೇವೆಗೆ ಸಾಮಗ್ರಿಯನ್ನು ಒದಗಿಸುವುದು ಹಿರಿಯರ ಹೊಣೆಯೆಂದು ತಿಳಿದರು. ಕನ್ಹಯ್ಯನ ಅನುಯಾಯಿಗಳು ಮುಂದೆ ಸೇವಾಪಂಥಿಗಳೆಂದು ಪ್ರಸಿದ್ಧರಾದರು. ಹಗ್ಗ ಹೊಸೆದು ಬಂದ ದುಡಿಮೆಯಲ್ಲಿ ಬದುಕುತ್ತ ಸೇವೆ ಮಾಡುವುದು ಅವರ ಪದ್ಧತಿಯಾಗಿತ್ತು.

ಇದಾಗಿ ಸುಮಾರು ಒಂದೂವರೆ ಶತಮಾನದ ಮೇಲೆ ಇಟಲಿಯಲ್ಲಿ ನಡೆದುದು ಬಹುಜನಕ್ಕೆ ತಿಳಿದ ಸಂಗತಿ. ಜಿನೀವಾದ ಆರಿ ದ್ಯುನಾನ್ ಧರ್ಮಶ್ರದ್ಧೆಯುಳ್ಳ ಕ್ರೈಸ್ತ ವ್ಯಾಪಾರಿ. ಆಲ್ಜೀರಿಯಾದಲ್ಲಿದ್ದ ತನ್ನ ಗಿರಣಿಯ ವ್ಯವಹಾರಕ್ಕೆ ನೀರಿನ ಹಕ್ಕನ್ನು ಬೇಡಲು ಫ್ರಾನ್ಸಿನ ಚಕ್ರವರ್ತಿಯನ್ನು ಹುಡುಕಿಕೊಂಡು ಹೊರಟವನು, 1859ರ ಜೂನ್ 24ರಂದು ಸೊಲ್ಫೆರಿನೊ ಯುದ್ಧ ನಡೆದ ಕಡೆಗೆ ಬಂದು ಮುಟ್ಟಿದನು. ನೀರು ಕೇಳಲು ಬಂದವನು ಸಾಯುತ್ತಿರುವವರಿಗೆ ನೀರು ಕೊಡುತ್ತ ಕುಳಿತನು. ಕಾಸ್ತಿಲ್ಯೋನೆ ಎಂಬ ಊರಿನ ಇಗರ್ಜಿಯಲ್ಲಿ ಅಲ್ಲಿಯ ಹೆಂಗಸರು, ಇವನ ನಡೆಯನ್ನು ಕಂಡು, ಫ್ರೆಂಚನೆನ್ನದೆ ಆಸ್ಟ್ರಿಯದವನೆನ್ನದೆ ಗಾಯಾಳುಗಳೆಲ್ಲರೂ ಸೋದರರೇ ಎನ್ನುತ್ತ ಆರೈಕೆ ಮಾಡಿದರು. 1862ರಲ್ಲಿ ಅವನು ಬರೆದ ಪುಸ್ತಕದಿಂದ 1863ರ ಜಿನೀವಾ ಸಮಿತಿಯೂ 1864ರ ಜಿನೀವಾ ಒಪ್ಪಂದವೂ ಹುಟ್ಟಿದವು. ಆ ಸಮಿತಿಯೇ ರೆಡ್‌ಕ್ರಾಸ್ ಸಂಸ್ಥೆಯಾಗಿ ಬೆಳೆಯಿತು. ಆನಂದಪುರದಲ್ಲಿ ಗುರುವಿನ ಕೈಯಿಂದ ಬಂದ ಮುಲಾಮು ಇಲ್ಲಿ ರಾಷ್ಟ್ರಗಳ ಕೈಯಿಂದ ಬರಬೇಕಾಯಿತು. 1867ರಲ್ಲಿ ದಿವಾಳಿಯಾದ ದ್ಯುನಾನನನ್ನು ಜಿನೀವಾದ ಸಮಾಜ ದೂರಮಾಡಿತು. ಅವನು ವ್ಯಾಪಾರದಲ್ಲಿ ಎಡವಿದ್ದನು. ಸೇವೆಯೇ ಅವನನ್ನು ಕೆಡಿಸಿತೆನ್ನುವುದು ಸರಿಯಲ್ಲ. 1901ರಲ್ಲಿ ಶಾಂತಿಗೆಂದು ಕೊಟ್ಟ ಮೊತ್ತಮೊದಲ ನೊಬೆಲ್ ಪಾರಿತೋಷಕದಲ್ಲಿ ಅವನಿಗೆ ಪಾಲು ಸಿಕ್ಕಿತು.

ರಣರಂಗವನ್ನು ಬಿಟ್ಟು ರಸ್ತೆಗೆ ಬಂದರೆ ನೀರು ಕೊಟ್ಟವನ ವಿಚಾರಣೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ವಾಹನ ಬಡಿದು ಬಿದ್ದವನ ಸುತ್ತ ಜನ ನೆರೆದೂ ಯಾರೂ ಮುಟ್ಟದೆ ನಿಲ್ಲುವುದಕ್ಕೆ ಕಲ್ಲೆದೆಯೊಂದೇ ಕಾರಣವಲ್ಲ. ಪೊಲೀಸು ಠಾಣೆ, ಸಾಕ್ಷಿಯ ಅಲೆದಾಟ, ಆಸ್ಪತ್ರೆಯಲ್ಲಿ ಮುಂಗಡ ಹಣ ಇವುಗಳ ಭಯವೂ ಕಾಲನ್ನು ಹಿಡಿದು ನಿಲ್ಲಿಸುತ್ತದೆ. ಗಾಯಾಳುವಿಗೆ ಚಿಕಿತ್ಸೆ ಕೊಡಲು ವೈದ್ಯರು ಪೊಲೀಸರ ವಿಧಿಗಳಿಗಾಗಿ ಕಾಯಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಹೇಳಿತು. ನೆರವಾದವನನ್ನು ರಕ್ಷಿಸುವ ನಿಯಮಗಳನ್ನು ಕೇಂದ್ರ ಸರಕಾರವು 2015ರಲ್ಲಿ ಹೊರಡಿಸಿತು. 2016ರ ಮಾರ್ಚ್ 30ರಂದು ನ್ಯಾಯಾಲಯವು ಅವಕ್ಕೆ ಕಡ್ಡಾಯದ ಬಲವನ್ನು ಕೊಟ್ಟಿತು. ಕರ್ನಾಟಕವು 2016ರಲ್ಲಿ ಇದಕ್ಕಾಗಿ ತನ್ನದೇ ಕಾಯಿದೆಯನ್ನು ರಚಿಸಿತು. ಮೋಟಾರು ವಾಹನ ಕಾಯಿದೆಗೆ 2019ರ ತಿದ್ದುಪಡಿಯಿಂದ ಸೇರಿದ 134ಎ ಪ್ರಕರಣವು, ಸದ್ಭಾವದಿಂದ ನೆರವಾದವನ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬಾರದೆನ್ನುತ್ತದೆ. ಅವನು ತನ್ನ ಹೆಸರನ್ನು ಹೇಳದೆಯೂ ಹೋಗಬಹುದು.

ಈ ಕಾಯಿದೆಗಳು ಇಂತಹವನನ್ನು 'ಒಳ್ಳೆಯ ಸಮಾರ್ಯದವನು' ಎಂಬ ಅರ್ಥದ ಇಂಗ್ಲಿಷ್ ಹೆಸರಿನಿಂದಲೇ ಕರೆಯುತ್ತವೆ. ಅದು ಲೂಕನ ಸುವಾರ್ತೆಯಲ್ಲಿ ಯೇಸು ಹೇಳುವ ಸಾಮತಿಯಿಂದ ಬಂದುದು. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯ ಸೀಮೆಯವನೊಬ್ಬನು, ಕಳ್ಳರ ಪೆಟ್ಟಿನಿಂದ ದಾರಿಯಲ್ಲಿ ಬಿದ್ದಿದ್ದವನ ಗಾಯಗಳಿಗೆ ಎಣ್ಣೆ ದ್ರಾಕ್ಷಾರಸ ಹೊಯ್ದು ಕಟ್ಟಿ, ಛತ್ರಕ್ಕೆ ಒಯ್ದು, ಅಲ್ಲಿಯ ಖರ್ಚಿಗೆ ಎರಡು ನಾಣ್ಯಗಳನ್ನು ಕೊಟ್ಟನು. ಅವನು ಕೈಯಿಂದ ಹಣ ಕೊಟ್ಟನೆಂಬುದು ನಿಜ; ನೆರವಾದವನಿಂದ ಹಣ ಕೇಳಕೂಡದೆಂಬುದು ಇಂದಿನ ವಿಧಿ. ಅವನನ್ನು ತಡೆದು ನಿಲ್ಲಿಸುವುದಿಲ್ಲ, ಹಣ ಕಟ್ಟಲು ಹೇಳುವುದಿಲ್ಲ ಎಂಬ ಫಲಕವನ್ನು ಪ್ರತಿಯೊಂದು ಆಸ್ಪತ್ರೆಯೂ ತನ್ನ ಬಾಗಿಲಲ್ಲಿ ಹಿಂದಿ ಇಂಗ್ಲಿಷುಗಳೊಡನೆ ಆಯಾ ರಾಜ್ಯದ ಭಾಷೆಯಲ್ಲಿಯೂ ಹಾಕಬೇಕೆಂದು 2015ರ ನಿಯಮಗಳಲ್ಲಿದೆ. ಅಂದಮೇಲೆ ಕರ್ನಾಟಕದಲ್ಲಿ ಅದು ಕನ್ನಡದಲ್ಲಿರಬೇಕು. ಆ ಕನ್ನಡವೂ ಕಚೇರಿಯ ಕನ್ನಡವಾಗಿರಬಾರದು. ರಕ್ತ ಸೋರುವವನನ್ನು ಹೆಗಲಿಗೆ ಹಾಕಿಕೊಂಡು ಬಂದವನಿಗೆ ಸಮಾಸಗಳನ್ನು ಬಿಡಿಸಿ ಓದುವಷ್ಟು ವ್ಯವಧಾನವಿರುವುದಿಲ್ಲ.