ನಾಲ್ಕಡಿ ಹಳಿ, ನಾಲ್ಕು ತುಂಡು

ಗಾಳ ಹಾಕಲು ಕಯಾಕ್ ಕೊಂಡವರಿಗೆ ಖರ್ಚು ಶುರುವಾಗುವುದೇ ದೋಣಿ ಮನೆಗೆ ಬಂದ ಮೇಲೆ. ರಾಡ್ ಹೋಲ್ಡರ್, ಫಿಶ್ ಫೈಂಡರ್, ಫೋನಿನ ಸ್ಟ್ಯಾಂಡು ಅಂತ ಒಂದೊಂದಕ್ಕೂ ಬೇರೆ ಬೇರೆ ತೂತು ಕೊರೆಯುವ ಬದಲು ಎರಡೂ ಅಂಚಿಗೆ ಅಲ್ಯೂಮಿನಿಯಂ ಹಳಿ ಬಿಗಿದರೆ, ಬೇಕಾದ್ದನ್ನು ಬೇಕಾದ ಕಡೆಗೆ ಜಾರಿಸಿ ತಿರುಪಿದರಾಯಿತು. ಗೇರ್ ಟ್ರ್ಯಾಕ್ ಅಂದರೆ ಇಷ್ಟೇ. ನಾವಿರುವುದು ಹ್ಯೂಸ್ಟನ್‌ನಲ್ಲಿ. ಗ್ಯಾಲ್ವೆಸ್ಟನ್ ಕೊಲ್ಲಿಗೆ ರೆಡ್‌ಫಿಶ್ ಹಿಡಿಯಲು ನಮ್ಮ ಮನೆಯಿಂದ ಹೋಗುವ ಕಯಾಕುಗಳು ಎರಡು, ನನ್ನದೊಂದು, ಮಗನದೊಂದು. ಒಂದಡಿ ಟ್ರ್ಯಾಕಿಗೆ ಅಂಗಡಿಯವರು ಹೇಳಿದ್ದು 30 ಡಾಲರ್, ನಾಲ್ಕಕ್ಕೆ 120. ಮೂಗಿಗಿಂತ ಮೂಗುತಿ ಭಾರ.

ಅಂಥದ್ದೇ ಹಳಿ ಮರಗೆಲಸದ ಸಾಮಾನು ಮಾರುವಲ್ಲಿ ಟಿ-ಟ್ರ್ಯಾಕ್ ಎಂಬ ಹೆಸರಲ್ಲಿ ಸಿಗುತ್ತದೆ. ನಾಲ್ಕಡಿಯ ಒಂದಕ್ಕೆ ನಾನು ಕೊಟ್ಟದ್ದು 20 ಡಾಲರ್. ಹ್ಯಾಕ್ಸಾದಲ್ಲಿ ಕೊಯ್ದರೆ ನಾಲ್ಕು ತುಂಡು. ಕಾಲಿಂಚಿನ ಬೋಲ್ಟಿನ ಆರು ಮೂಲೆಯ ತಲೆ ಸಾಮಾನ್ಯವಾಗಿ ಅದರೊಳಗೆ ಜಾರುತ್ತದೆ. ಆದರೆ ಎಲ್ಲ ಕಂಪನಿಯ ಅಳತೆಯೂ ಒಂದೇ ಅಲ್ಲ, ನಿಮ್ಮ ರಾಡ್ ಹೋಲ್ಡರಿನ ಬೋಲ್ಟನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ ಅಲ್ಲೇ ಜಾರಿಸಿ ನೋಡಿ. ಕೊಯ್ದ ತುದಿಯನ್ನು ಅರ ಹಾಕಿ ಉಜ್ಜದಿದ್ದರೆ ಗಾಳದ ದಾರವೂ ಹರಿಯುತ್ತದೆ, ಮೊಣಕಾಲೂ ಗೀರುತ್ತದೆ. ಹಳಿಯ ತಳದ ತೂತುಗಳ ಬಾಯಿಯನ್ನು ಅಗಲಿಸಿ, ತಿರುಪಿನ ತಲೆ ಪೂರ್ತಿ ಒಳಗಡಗುವಂತೆ ಮಾಡಬೇಕು. ಕೂದಲೆಳೆಯಷ್ಟು ಮೇಲೆದ್ದರೂ ಬೋಲ್ಟು ಅಲ್ಲೇ ತಡೆಯುತ್ತದೆ. ಅಂಗಡಿಯವರು ದುಡ್ಡು ಕೇಳುವುದು ಬಹಳಮಟ್ಟಿಗೆ ಈ ಕೆಲಸಕ್ಕೇ.

ಉಳಿಸುವುದಾದರೆ ಹಳಿಯಲ್ಲಿ ಉಳಿಸಿ, ತಿರುಪಿನಲ್ಲಿ ಬೇಡ. ಕಯಾಕಿನ ಮೈ ಪಾಲಿಎಥಿಲೀನ್. ಅಂಟು ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಭಾರವೆಲ್ಲ ತಿರುಪಿನ ಮೇಲೆಯೇ. ಹ್ಯಾಚಿನೊಳಗಿಂದ ಕೈ ತಲುಪುವ ಕಡೆ ಬೋಲ್ಟು, ಅಗಲ ವಾಷರು, ಲಾಕ್ ನಟ್ಟು. ತಲುಪದ ಕಡೆ ವೆಲ್ ನಟ್: ತಿರುಪು ಬಿಗಿಯುತ್ತಿದ್ದಂತೆ ರಬ್ಬರು ಒಳಗೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಉಪ್ಪುನೀರಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತನ್ನಿ. ಅದರಲ್ಲೂ ಒಂದು ತಕರಾರಿದೆ. ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ, ತಿರುಪಿನ ಸುತ್ತ ಬಿಳಿ ಪುಡಿ ಏಳುತ್ತದೆ. ಬಿಗಿಯುವ ಮುಂಚೆ ಅದಕ್ಕೆಂದೇ ಇರುವ ಪೇಸ್ಟ್ ಸವರಿ, ಮನೆಗೆ ಬಂದ ಕೂಡಲೇ ಸಿಹಿನೀರು ಬಿಟ್ಟು ತೊಳೆಯಬೇಕು. ತಿರುಪು, ಪೇಸ್ಟು, ಸೀಲೆಂಟು ಸೇರಿ 30 ಡಾಲರ್ ಆಯಿತು. ತಿರುಪಿಲ್ಲದೆ ಮಾರುವ ರೆಡಿಮೇಡ್ ಟ್ರ್ಯಾಕ್ ತಂದಿದ್ದರೂ ಈ ಖರ್ಚು ತಪ್ಪುತ್ತಿರಲಿಲ್ಲ.

ಹಾಗಂತ 100 ಡಾಲರ್ ಉಳಿಯಿತೆಂದು ಬೀಗುವ ಹಾಗಿಲ್ಲ. ಡ್ರಿಲ್ಲು, ಹ್ಯಾಕ್ಸಾ ನನ್ನಲ್ಲಿದ್ದವು. ಹಳಿ ಕಚ್ಚಿಸಿ ಹಿಡಿಯುವ ವೈಸು ಪಕ್ಕದ ಮನೆಯವರದು. ಇವನ್ನೆಲ್ಲ ಹೊಸದಾಗಿ ಕೊಳ್ಳಬೇಕಾದವರಿಗೆ, ಅದೂ ಒಂದೇ ಕಯಾಕ್ ಇದ್ದರೆ, ರೆಡಿಮೇಡ್ ಟ್ರ್ಯಾಕೇ ಅಗ್ಗ. ಇನ್ನೂ ಕಯಾಕನ್ನೇ ಕೊಂಡಿರದವರು ಮೊದಲು ಅದರ ಅಂಚು ನೋಡಿ. ಈಗ ಹಲವು ಮಾದರಿಗಳಿಗೆ ಕಾರ್ಖಾನೆಯಲ್ಲೇ ಟ್ರ್ಯಾಕ್ ಕೂರಿಸಿರುತ್ತಾರೆ. ಅದಕ್ಕೆ ಹೆಚ್ಚು ಕೇಳುವುದು 60 ಡಾಲರಿಗಿಂತ ಕಡಿಮೆಯಾದರೆ ಅದನ್ನೇ ತನ್ನಿ.