ಹಳ್ಳಕ್ಕೆ ಹೊಸ ನೀರು ಬಂದಾಗ



ಮೃಗಶಿರಾ ಮಳೆ ಬಿದ್ದ ಮರುದಿನ ನಮ್ಮ ಕಡೆಯ ಹಳ್ಳದ ದಂಡೆಗೆ ಎಂದಾದರೂ ಹೋಗಿ ನೋಡಿದ್ದೀರಾ? ಮೇ ತಿಂಗಳೆಲ್ಲ ಬರೀ ಮರಳು, ಜಾಲಿ ಮುಳ್ಳು, ಅಲ್ಲೊಂದು ಇಲ್ಲೊಂದು ಮಡು. ಯಲಬುರ್ಗಾ, ಕುಷ್ಟಗಿ ಕಡೆಯ ಎರಿ ಹೊಲಗಳ ಮೇಲೆ ಒಂದೆರಡು ಹದವಾದ ಮಳೆಯಾಯಿತೆಂದರೆ ಅದೇ ಹಳ್ಳಕ್ಕೆ ಚಹಾದ ಬಣ್ಣದ ಹೊಸ ನೀರು ಬರುತ್ತದೆ. ಅದರ ಹಿಂದೆಯೇ ಮೀನು, ಮೀನಿನ ಹಿಂದೆ ಊರಿನ ಹುಡುಗರು. ಕೈಯಲ್ಲಿ ಬಿದಿರು ಕೋಲು, ನೈಲಾನ್ ದಾರ, ಜೋಳದ ದಂಟಿನ ಬೆಂಡು, ಹಳೆಯ ಡಬ್ಬಿಯಲ್ಲಿ ಎರೆಹುಳು. ಭಾನುವಾರದ ಪೂಜೆಗೆ ತಡವಾಗಿ ಬಂದ ಹುಡುಗರ ಕೈ ಮೂಸಿದರೆ ಸಾಕು, ಎಲ್ಲಿಗೆ ಹೋಗಿದ್ದರೆಂದು ಕೇಳಬೇಕಾಗಿಲ್ಲ!

ಗಾಳ ಹಾಕುವುದು ಸೋಮಾರಿಗಳ ಕೆಲಸವೆಂದು ಹಲವು ತಂದೆತಾಯಂದಿರು ಭಾವಿಸಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಪವಿತ್ರ ಬೈಬಲ್ಲಿನ ನಾಲ್ಕು ಶುಭಸಂದೇಶಗಳಲ್ಲಿ ಬಲೆಯ ಮಾತು ಮತ್ತೆ ಮತ್ತೆ ಬರುತ್ತದೆ. ಗಾಳದ ಮಾತು ಬರುವುದು ಒಂದೇ ಒಂದು ಕಡೆ, ಸಂತ ಮತ್ತಾಯರ ಶುಭಸಂದೇಶದ 17ನೇ ಅಧ್ಯಾಯದಲ್ಲಿ. ದೇವಾಲಯದ ತೆರಿಗೆ ಕೊಡಬೇಕಾಗಿ ಬಂದಾಗ ಯೇಸುಸ್ವಾಮಿ ಪೇತ್ರರನ್ನು ಸರೋವರಕ್ಕೆ ಕಳುಹಿಸುತ್ತಾರೆ. ಗಾಳ ಹಾಕಬೇಕು, ಮೊದಲು ಸಿಕ್ಕ ಮೀನಿನ ಬಾಯಲ್ಲಿ ನಾಣ್ಯವಿರುತ್ತದೆ, ಅದರಿಂದ ಇಬ್ಬರ ತೆರಿಗೆಯನ್ನೂ ಕೊಡಬೇಕು. ಬಲೆ ಬೀಸಿಯೇ ಬದುಕಿದ್ದ ಆ ವೃತ್ತಿಗಾರ ಅಂದು ಒಂದು ಕೊಕ್ಕೆ ಹಿಡಿದು, ಒಂದೇ ಒಂದು ಮೀನಿಗಾಗಿ ಕಾದು ಕುಳಿತಿರಬೇಕು. ಬಲೆ ಲೆಕ್ಕವಿಲ್ಲದೆ ಬಾಚುತ್ತದೆ, ಗಾಳ ಒಂದನ್ನೇ ಆರಿಸುತ್ತದೆ. ಈ ವ್ಯತ್ಯಾಸವನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಯೂರೋಪು, ಅಮೆರಿಕಗಳಲ್ಲಿ ಇದೇ ಜೂನ್ ತಿಂಗಳು ಬೇಸಿಗೆಯ ಆರಂಭ. ಅಲ್ಲಿನ ಬೆಟ್ಟದ ತೊರೆಗಳಲ್ಲಿ ಟ್ರೌಟ್ ಎಂಬ ಮೀನನ್ನು ಕೃತಕ ನೊಣದಿಂದ ಹಿಡಿಯುವ ಕಾಲ. ಕೊಕ್ಕೆಗೆ ಹುಳು ಚುಚ್ಚುವುದಿಲ್ಲ. ಗರಿ, ಉಣ್ಣೆ, ದಾರ ಸುತ್ತಿ ನೊಣದಂತೆ ಕಾಣುವ ಹಾಗೆ ಮಾಡುತ್ತಾರೆ. ಈ ಹುಸಿನೊಣಕ್ಕೆ ತೂಕವೇ ಇಲ್ಲದ್ದರಿಂದ ಅದನ್ನು ಎಸೆಯಲು ಬಾರದು. ಎಸೆಯುವುದು ದಪ್ಪನೆಯ ದಾರವನ್ನು. ಕೋಲನ್ನು ಹಿಂದೆ ಮುಂದೆ ಬೀಸಿದಾಗ ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತ ಹೋಗಿ, ತುದಿಯ ನೊಣವನ್ನು ನೀರಿನ ಮೇಲೆ ಮೆಲ್ಲಗೆ ಇಳಿಸುತ್ತದೆ. ಸಣ್ಣ ತೊರೆಯಲ್ಲಿ ಬಲಕ್ಕೆ ಕೆಲಸವಿಲ್ಲ, ಸದ್ದಿಲ್ಲದೆ ನಡೆಯುವುದೇ ಅರ್ಧ ವಿದ್ಯೆ.

ಈ ವಿದ್ಯೆ ಇಂಗ್ಲಿಷರದ್ದು ಎಂದು ತಿಳಿದವರಿದ್ದಾರೆ. ಕ್ರಿ.ಶ. 200ರ ಸುಮಾರಿನಲ್ಲಿ ಏಲಿಯನ್ ಎಂಬ ರೋಮನ್ ಲೇಖಕ ಇದನ್ನು ವರ್ಣಿಸಿದ್ದಾನೆ. ಮಕೆದೋನಿಯದವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಎರಡು ಗರಿ ಕಟ್ಟಿ, ಚುಕ್ಕೆ ಚುಕ್ಕೆಯ ಮೀನುಗಳನ್ನು ಹಿಡಿಯುತ್ತಿದ್ದರಂತೆ. ಎಲ್ಲಿ ಗೊತ್ತೇ? ಬೆರೋಯ ಮತ್ತು ಥೆಸಲೋನಿಕ ಊರುಗಳ ನಡುವೆ ಹರಿಯುವ ನದಿಯಲ್ಲಿ. ಪ್ರೇಷಿತರ ಕಾರ್ಯಕಲಾಪಗಳ 17ನೇ ಅಧ್ಯಾಯ ಓದಿದವರಿಗೆ ಈ ಎರಡು ಊರುಗಳ ಹೆಸರು ಹೊಸದಲ್ಲ. ಸಂತ ಪೌಲರು ಥೆಸಲೋನಿಕದಲ್ಲಿ ಗಲಭೆಯಾದಾಗ ರಾತ್ರೋರಾತ್ರಿ ಹೊರಟು ಬೆರೋಯಕ್ಕೆ ಬಂದರು. ಆ ಅವಸರದಲ್ಲಿ ಅವರು ಮೀನುಗಾರರನ್ನು ನೋಡಲು ನಿಂತಿರಲಾರರು ಬಿಡಿ.

ಹಾಗಾದರೆ ನಮ್ಮ ಹಿರೇಹಳ್ಳದಲ್ಲಿ ಟ್ರೌಟ್ ಏಕಿಲ್ಲ? ಕಾರಣ ಉಸಿರು. ತಣ್ಣೀರು ಹೆಚ್ಚು ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ, ಬಿಸಿನೀರು ಬಿಟ್ಟುಕೊಡುತ್ತದೆ. 10 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಟ್ರೌಟ್‌ಗೆ ತಂಪು ಬೇಕು, ಹರಿಯುವ ನೀರು ಬೇಕು. ದಕ್ಷಿಣದಲ್ಲಿ ಬ್ರಿಟಿಷರು ಅದನ್ನು ತಂದು ನೆಲೆಗೊಳಿಸಿದ್ದು ನೀಲಗಿರಿ, ಮುನ್ನಾರ್‌ಗಳಂಥ ಎತ್ತರದ ಬೆಟ್ಟಗಳಲ್ಲಿ. ಕೊಪ್ಪಳದ ಏಪ್ರಿಲ್ ಬಿಸಿಲಿಗೆ ಅದು ಒಂದು ದಿನವೂ ಬಾಳದು.

ನಮ್ಮ ಹಳ್ಳದ ಮೀನುಗಳು ಬೇರೆ ಪಾಠ ಕಲಿತಿವೆ. ಮಡುವಿನ ನೀರು ಕುದಿಯುವಂತಾದಾಗ ಕೊರವ ಮೀನು ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡುತ್ತದೆ. ಚೇಳುಮೀನೂ ಹಾಗೆಯೇ. ಮಡು ಬತ್ತಿ ಕೆಸರಾದರೂ ಇವು ಕೆಲಕಾಲ ಜೀವ ಹಿಡಿದುಕೊಂಡಿರುತ್ತವೆ. ಗಂಗಾವತಿಯ ಕ್ಯಾಂಪುಗಳಲ್ಲಿ ತೆಲುಗು ಮಾತಾಡುವವರು ಕೊರಮೀನು ಎನ್ನುವುದು, ಹೈದರಾಬಾದಿನ ಕಡೆ ಮರಲ್ ಎನ್ನುವುದು ಈ ಕೊರವವನ್ನೇ. ಹಾವಿನಂಥ ತಲೆ, ಗಟ್ಟಿ ಮಾಂಸ, ಮುಳ್ಳು ಕಡಿಮೆ. ಬಾಣಂತಿಯರಿಗೂ ಕಾಯಿಲೆಯಿಂದ ಎದ್ದವರಿಗೂ ಇದನ್ನೇ ಹುಡುಕಿ ತರುತ್ತಾರೆ. ಸಂತೆಯಲ್ಲಿ ಅದರ ಬೆಲೆ ಕೇಳಿದರೆ ನಮ್ಮಂಥವರು ಸುಮ್ಮನೆ ಮುಂದೆ ನಡೆಯಬೇಕು.

ಇನ್ನು ಗಾಳ ಹಾಕುವವರಿಗೆ ನಾಲ್ಕು ಮಾತು. ಹರಿಯುವ ನೀರಿನಲ್ಲಿ ಮೀನು ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತದೆ, ಏಕೆಂದರೆ ಊಟ ಬರುವುದು ಮೇಲಿನಿಂದ. ಆದ್ದರಿಂದ ನೀವು ಕೆಳಗಿನಿಂದ, ಅದರ ಬೆನ್ನ ಹಿಂದಿನಿಂದ ಹೋಗಬೇಕು. ನೀರಿನೊಳಗಿನಿಂದ ಮೇಲೆ ನೋಡುವ ಮೀನಿಗೆ ಹೊರಗಿನ ಲೋಕವೆಲ್ಲ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ, ದಂಡೆಯಲ್ಲಿ ತಗ್ಗಿ ಕುಳಿತದ್ದು ಆ ಕಿಟಕಿಯ ಅಂಚಿನಲ್ಲಿ ಕುಗ್ಗಿ ಮಸುಕಾಗುತ್ತದೆ. ಎದ್ದು ನಿಂತವನು ಕಾಣುತ್ತಾನೆ, ಕುಳಿತವನು ತಪ್ಪಿಸಿಕೊಳ್ಳುತ್ತಾನೆ. ನಿಮ್ಮ ನೆರಳು ನೀರಿನ ಮೇಲೆ ಬೀಳಬಾರದು. ಮಾತಿಗಿಂತ ಹೆಜ್ಜೆಯ ಅದುರೇ ಅದಕ್ಕೆ ಬೇಗ ತಿಳಿಯುತ್ತದೆ. ಬೇಸಿಗೆಯ ನಸುಕಿನಲ್ಲಿ ನಿಂತ ಮಡುವಿನ ಮೀನುಗಳು ಗುಂಪಾಗಿ ಬಾಯಿ ಮೇಲೆತ್ತಿದ್ದರೆ ಹಸಿದಿವೆ ಎಂದುಕೊಳ್ಳಬೇಡಿ. ರಾತ್ರಿಯೆಲ್ಲ ಪಾಚಿ, ಗಿಡಗಳು ಕೂಡ ಆಮ್ಲಜನಕ ಬಳಸಿರುವುದರಿಂದ ಬೆಳಗಿನ ಜಾವಕ್ಕೆ ಅದು ತೀರಾ ಕಡಿಮೆಯಾಗಿರುತ್ತದೆ. ಅವು ಉಸಿರಿಗಾಗಿ ಒದ್ದಾಡುತ್ತಿರುತ್ತವೆ.

ಸಣ್ಣ ಮೀನು ಸಿಕ್ಕರೆ ಬಿಡುವುದಿದೆಯಲ್ಲ, ಅದಕ್ಕೂ ಕ್ರಮವಿದೆ. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಹೋಗಿ, ಬಿಟ್ಟ ಮೇಲೆ ಹುಣ್ಣಾಗಿ ಸಾಯಬಹುದು. ಕೈ ಒದ್ದೆ ಮಾಡಿಕೊಳ್ಳಿ, ಕಿವಿರಿಗೆ ಬೆರಳು ಹಾಕಬೇಡಿ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟರೆ ಅದು ಸಲೀಸಾಗಿ ಕಳಚುತ್ತದೆ, ನಿಮ್ಮ ಮಗನ ಬೆರಳಿಗೆ ಚುಚ್ಚಿದಾಗಲೂ!

ಈಗ ನನ್ನ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಒಬ್ಬ ಹುಡುಗ ಜೂನ್ ತಿಂಗಳ ಒಂದು ಸಂಜೆ ದೊಡ್ಡದೊಂದು ಕೊರವವನ್ನು ಹುಲ್ಲಿನ ಹುರಿಯಲ್ಲಿ ಪೋಣಿಸಿಕೊಂಡು ಗುರುನಿವಾಸಕ್ಕೆ ತಂದ. “ಫಾದರ್, ಇದಕ್ಕೆ ಹುಳು ಸಹ ಬೇಕಾಗಲಿಲ್ಲ, ಬರೀ ಕೊಕ್ಕೆ ಆಡಿಸಿದರೂ ಬಂದು ಕಚ್ಚಿತು” ಎಂದು ಹೆಮ್ಮೆಯಿಂದ ಹೇಳಿದ. ನಾನೂ ಹೊಗಳಿದೆ. ರಾತ್ರಿ ಸಾರು ಮಾಡಿ ಉಂಡದ್ದೂ ಆಯಿತು. ಮರುದಿನ ಒಬ್ಬ ರೋಗಿಗೆ ಪರಮಪ್ರಸಾದ ಕೊಟ್ಟು ಹಿಂದಿರುಗುವಾಗ ಅದೇ ಮಡುವಿನ ಬಳಿ ನಿಂತೆ. ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ ನೂರಾರು ಕೆಂಪು ಮರಿಗಳು ಒಂದು ಮುದ್ದೆಯಾಗಿ ತೇಲುತ್ತಿದ್ದವು. ಅವುಗಳ ಸುತ್ತ ಬೇರೆ ಮೀನುಗಳು ಬಂದು ಬಂದು ನುಂಗುತ್ತಿದ್ದವು. ತಡೆಯುವವರು ಯಾರೂ ಇರಲಿಲ್ಲ. ತಡೆಯಬೇಕಾಗಿದ್ದವನು ನಮ್ಮ ಅಡುಗೆಮನೆಯಲ್ಲಿ ಮುಗಿದಿದ್ದ.

ಕೊರವ ಮೀನು ಜೊಂಡಿನ ನಡುವೆ ಗೂಡಿನಂತೆ ಜಾಗ ಮಾಡಿ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ನೀರಿನ ಮೇಲೆ ತೇಲುತ್ತವೆ, ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ಆಮೇಲೆ ತಂದೆತಾಯಿಗಳು, ಹೆಚ್ಚಾಗಿ ತಂದೆ, ಮರಿಗಳ ಅಡಿಯಲ್ಲೇ ಸುಳಿಯುತ್ತ ವಾರಗಟ್ಟಲೆ ಕಾಯುತ್ತವೆ. ಹತ್ತಿರ ಬಂದದ್ದು ಕಪ್ಪೆಯಾಗಲಿ, ಕೋಲಾಗಲಿ, ಕೊಕ್ಕೆಯಾಗಲಿ, ಮೇಲೆ ಬೀಳುತ್ತವೆ. ಆ ಹುಡುಗ ಹೇಳಿದ್ದು ನಿಜವೇ, ಹುಳು ಬೇಕಾಗಿರಲಿಲ್ಲ. ಆ ಮೀನು ಕಚ್ಚಿದ್ದು ಹಸಿವಿಗಲ್ಲ.

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನನ್ನು ವಸ್ತು-ರೂಪಗಳ ಪಾಠಕ್ಕಾಗಿ ಉರುಹೊಡೆದೆವು. ಅವನು ಪ್ರಾಣಿಗಳ ಕುರಿತು ಬರೆದ ದೊಡ್ಡ ಗ್ರಂಥವನ್ನು ತೆರೆದವರು ಕಡಿಮೆ. ಗ್ರೀಸಿನ ನದಿಯೊಂದರ ಮೀಸೆಮೀನಿನ ಬಗ್ಗೆ ಅಲ್ಲಿ ಬರೆಯುತ್ತ, ಗಂಡು ಮೀನೇ ಮೊಟ್ಟೆಮರಿಗಳನ್ನು ದಿನಗಟ್ಟಲೆ ಕಾಯುತ್ತದೆ, ಬೆಸ್ತರಿಗೆ ಇದು ಗೊತ್ತು ಎನ್ನುತ್ತಾನೆ. ಬಹುಕಾಲ ಪಂಡಿತರು ಇದನ್ನು ನಂಬಲಿಲ್ಲ. 19ನೇ ಶತಮಾನದಲ್ಲಿ ಅಗಾಸಿಸ್ ಎಂಬ ವಿಜ್ಞಾನಿ ಆ ಮೀನನ್ನು ತರಿಸಿ ನೋಡಿ ಅರಿಸ್ಟಾಟಲನ ಮಾತು ಸರಿಯೆಂದು ಕಂಡುಕೊಂಡರು. ಬೆಸ್ತರ ಮಾತನ್ನು ತತ್ವಜ್ಞಾನಿ ಕೇಳಿದ, ಪಂಡಿತರು ಕೇಳಲಿಲ್ಲ. ನಾನೂ ಕೇಳಿರಲಿಲ್ಲ ಎನ್ನಿ. ನಮ್ಮ ಆನೆಗೊಂದಿಯ ಹರಿಗೋಲಿನವರನ್ನೋ ಮುನಿರಾಬಾದಿನ ಬೆಸ್ತರನ್ನೋ ಮೊದಲೇ ವಿಚಾರಿಸಿದ್ದರೆ ಹೇಳುತ್ತಿದ್ದರು.

ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಒಂದು ಚಿಕ್ಕ ಕಟ್ಟಳೆ ಇದೆ. ದಾರಿಯಲ್ಲಿ ಹಕ್ಕಿಯ ಗೂಡು ಕಂಡರೆ, ಮರಿಗಳ ಜೊತೆಗೆ ತಾಯಿಯನ್ನೂ ಹಿಡಿಯಬಾರದು ಎಂದು. ಹಿಡಿಯಲೇಬಾರದು ಎಂದಿಲ್ಲ, ಗಮನಿಸಿ. ಉಣ್ಣುವವನ ಅಗತ್ಯವನ್ನು ಆ ನಿಯಮ ಒಪ್ಪುತ್ತದೆ, ವಂಶವನ್ನೇ ಅಳಿಸುವ ಹಕ್ಕನ್ನು ಕೊಡುವುದಿಲ್ಲ. ಹಸಿದ ಮನೆಯವನಿಗೆ ಸಿಕ್ಕ ಮೀನನ್ನು ಬಿಟ್ಟುಬಿಡು ಎಂದು ಉಪದೇಶಿಸಲು ನನಗೆ ಬಾಯಿ ಬರುವುದಿಲ್ಲ. ವಿದೇಶದ ಶ್ರೀಮಂತ ಬೇಟೆಗಾರ ಮುತ್ತಿಟ್ಟು ಮೀನು ಬಿಡುವುದೇ ಬೇರೆ, ನಮ್ಮ ಕೂಲಿಯವನ ಮನೆಯ ಒಲೆಯೇ ಬೇರೆ. ಆದರೆ ಕೆಂಪು ಮರಿಗಳ ಮುದ್ದೆ ಕಂಡಲ್ಲಿ ಗಾಳ ಹಾಕದೆ ಹತ್ತು ಮಾರು ಆಚೆ ಹೋಗುವುದು ಯಾವ ಬಡವನಿಗೂ ಹೊರೆಯಾಗದು.

ಹೊರೆಯಾಗುವುದು ಬೇರೆಯೇ. ಹೊಸ ನೀರಿಗೆ ಮೀನುಗಳು ಏರಿ ಬರುವುದು ಮೊಟ್ಟೆಯಿಡಲು. ಇದೇ ಹೊತ್ತಿನಲ್ಲಿ ಹಳ್ಳಕ್ಕೆ ಅಡ್ಡಲಾಗಿ ಸೊಳ್ಳೆ ಪರದೆ ಕಟ್ಟುತ್ತಾರೆ. ಮಡುವಿಗೆ ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ, ಕರೆಂಟ್ ತಂತಿ ಇಳಿಬಿಡುತ್ತಾರೆ. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದನ್ನು 1897ರಷ್ಟು ಹಿಂದೆಯೇ ಬ್ರಿಟಿಷ್ ಇಂಡಿಯಾದಲ್ಲಿ ಕಾನೂನು ನಿಷೇಧಿಸಿತ್ತು. ಪರದೆಗೆ ಬೆರಳುದ್ದದ ಮೀನೂ ತಪ್ಪುವುದಿಲ್ಲ. ಪೇತ್ರರ ಕೊಕ್ಕೆಯನ್ನು ನೆನಪಿಡಿ ಎಂದದ್ದು ಇದಕ್ಕೇ.

ಏರಿ ಬರುವ ದಾರಿಗಳೂ ಈಗ ಕಡಿಮೆ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತ ಮೇಲೆ ಗಂಗಾವತಿಯ ಸೀಮೆ ಭತ್ತದ ಕಣಜವಾಯಿತು, ಅದನ್ನು ನಾವು ಉಣ್ಣುತ್ತಿದ್ದೇವೆ. ಕೆಳಗಿನ ಮೀನು ಮಾತ್ರ ಆ ಗೋಡೆಯನ್ನು ಏರಲಾರದು. ಜಲಾಶಯದ ಕಟ್ಲಾ, ರೋಹು, ಮೃಗಾಲ್‌ಗಳು ಮೂಲತಃ ಗಂಗೆಯ ಕಡೆಯವು, ಬಿತ್ತನೆ ಮರಿ ತಂದು ಬಿಟ್ಟವು. ಜಿಲೇಬಿ ಮೀನು ಆಫ್ರಿಕದ್ದು, 1952ರಲ್ಲಿ ನಮ್ಮ ದೇಶಕ್ಕೆ ಬಂತು. ಊರಿನ ಹಳೆಯ ಮೀನುಗಳಿಗೆ ಉಳಿದಿರುವುದು ಇಂಥ ಸಣ್ಣ ಹಳ್ಳಗಳೇ. ಅಣೆಕಟ್ಟಿನ ಕೆಳಗೆ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ನೀರುನಾಯಿಯ ಊಟವೂ ಮೀನೇ ಅಲ್ಲವೇ? 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಸಾವಿರಾರು ಜನ ಹಿರೇಹಳ್ಳಕ್ಕಿಳಿದು, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ಜಾಲಿ, ಹೂಳು, ಕಸ ತೆಗೆದು ಸ್ವಚ್ಛಗೊಳಿಸಿದರು. ಕುಷ್ಟಗಿಯ ನಿಡಶೇಸಿ ಕೆರೆಯ ಹೂಳನ್ನೂ ಜನರೇ ತೆಗೆಸಿದರು. ಹಳ್ಳ ತೆರೆದದ್ದಾಗಿದೆ. ಅಲ್ಲಿ ಪರದೆ ಕಟ್ಟುವವರು ನಮ್ಮ ಮನೆಯವರಾಗದಿರಲಿ.

ತಾಯಂದಿರಿಗೆ ಒಂದು ಮಾತು. ಮಕ್ಕಳನ್ನು ಒಬ್ಬೊಬ್ಬರನ್ನೇ ಹಳ್ಳಕ್ಕೆ ಕಳುಹಿಸಬೇಡಿ. ಮರಳು ತೆಗೆದ ಗುಂಡಿಗಳು ಕೆಂಪು ನೀರಿನಡಿ ಕಾಣುವುದಿಲ್ಲ. ನಿಮ್ಮೂರಲ್ಲಿ ಬಿಸಿಲಿದ್ದರೂ ಮೇಲೆ ಯಲಬುರ್ಗಾದಲ್ಲಿ ಮಳೆಯಾಗಿದ್ದರೆ ನೀರು ಹೇಳದೆ ಬರುತ್ತದೆ. ನೀರಿನ ಬಣ್ಣ ಬದಲಾಯಿತು, ಕಸಕಡ್ಡಿ ತೇಲಿ ಬಂತು ಎಂದರೆ ಕೋಲು ಬಿಟ್ಟು ಮೇಲೆ ಹತ್ತಬೇಕು. ತಂದೆಯಾದವನು ವಾರಕ್ಕೊಮ್ಮೆ ಜೊತೆಗೆ ಹೋಗಿ ಕುಳಿತರೆ ಇನ್ನೂ ಒಳ್ಳೆಯದು.

ಆ ಹುಡುಗನಿಗೆ ಮರಿಗಳ ವಿಷಯ ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಉಂಡವನು ನಾನು, ತಪ್ಪು ಅವನೊಬ್ಬನದೇ ಎಂಬಂತೆ ಆಗಬಾರದಲ್ಲ. ಕೊನೆಗೆ ಅವನನ್ನು ಮಡುವಿಗೇ ಕರೆದುಕೊಂಡು ಹೋದೆ. ಮುದ್ದೆ ಆಗಲೇ ಬೊಗಸೆಯಷ್ಟಾಗಿತ್ತು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಮುಂದಿನ ವರ್ಷ ಮೃಗಶಿರಾ ಮಳೆ ಬಿದ್ದ ಮೇಲೆ ಅವನೇ ಬಂದು, “ಫಾದರ್, ಈ ಸಲವೂ ಕೆಂಪು ಮರಿ ಬಂದಿವೆ, ಅಪ್ಪ ಮೀನೂ ಇದೆ” ಎಂದ. ಇಬ್ಬರೂ ಹೋಗಿ ದಂಡೆಯ ಕಲ್ಲಿನ ಮೇಲೆ ಕುಳಿತೆವು. ಅವನು ಕೋಲು ತಂದಿದ್ದ. ಅದನ್ನು ಬಿಚ್ಚಲಿಲ್ಲ.